ಈಜಿಪ್ಟಿನ ತಕ್ಕಡಿ, ನಾರಾಯಣಖೇಡದ ಗೋದಾಮು

ಸಾಯುವುದನ್ನು ನಾನು ಎಷ್ಟೋ ದಿನ ಪ್ರಾಕ್ಟೀಸ್ ಮಾಡಿದ್ದೆ. ಮಗಳು, ಅಳಿಯ ಇಬ್ಬರೂ ಡ್ಯೂಟಿಗೆ ಹೋದ ಮೇಲೆ, ತಾಂಡೂರಿನ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿ ಮುಚ್ಚಿ, ಕುಕ್ಕರ್ ಸೀಟಿ ಹೊಡೆಯುವ ಹೊತ್ತು ನೋಡಿಕೊಂಡು ಚೀರುತ್ತಿದ್ದೆ. ಸೀಟಿಯೊಳಗೆ ನನ್ನ ಚೀರು ಅಡಗಿಹೋದರೆ ನೆರೆಯವರಿಗೆ ಗೊತ್ತಾಗುವುದಿಲ್ಲ ಎಂಬುದು ನನ್ನ ಪ್ಲಾನು. ಒಂದು ದಿನ ಬಾಜು ಮನೆಯಾಕೆ ಕಾಂಪೌಂಡಿನ ಮೇಲಿಂದ ಮುಖ ಹಾಕಿ, "ಅಮ್ಮಾರ, ನಿಮ್ಮ ಕುಕ್ಕರಿನ ರಬ್ಬರ್ ಹೋಗ್ಯಾದ ಕಾಣ್ತದ, ಭಾಳ ಒದರ್ಲಾಕ ಹತ್ಯಾದ. ಬದಲಿ ಮಾಡಸ್ರಿ," ಎಂದಳು. ಫ್ರಾಂಕ್ಲಿ, ಅದನ್ನು ನಾನು ಕಾಂಪ್ಲಿಮೆಂಟ್ ಎಂದೇ ತೆಗೆದುಕೊಂಡೆ.

ಇದಕ್ಕೆಲ್ಲ ಕಾರಣ ಅಣ್ಣನ ಮೊಮ್ಮಗಳು. ಅವಳು ಜಹೀರಾಬಾದಿನ ಒಂದು ಶಾಲೆಯಲ್ಲಿ ಸೈನ್ಸ್ ಟೀಚರ್. ರಜೆ ಸಿಕ್ಕಾಗಲೆಲ್ಲ ಆಡಿಯೋ ಡ್ರಾಮಾ ಮಾಡುತ್ತಾಳೆ. ಹಿಂದೆ ನಾವು ರೇಡಿಯೋದ ಮುಂದೆ ಕುಳಿತು ಕೇಳುತ್ತಿದ್ದ ನಾಟಕದಂಥದ್ದೇ, ಆದರೆ ಈಗ ಫೋನಿನಲ್ಲಿ, ಕಿವಿಯೊಳಗೆ ಬಿಳಿ ಗುಂಡಿ ಸಿಕ್ಕಿಸಿಕೊಂಡು ಕೇಳುವುದು. ಒಂದು ಸಂಜೆ ಫೋನ್ ಮಾಡಿದಳು.

"ಆಯಿ, ನಮ್ಮ ಕನ್ನಡದಾಗ ಒಂದು ರಾಕೆಟ್ ಹಾರಸ್ಬೇಕಂತ ಮಾಡೀನಿ. ಅದರಾಗ ಈಜಿಪ್ಟಿನ ದೇವರೂ ಬರ್ತಾವ. ರಾಣಿ ಪಾರ್ಟ್ ನೀನೇ ಮಾಡ್ಬೇಕು."

"ನಾನಾ? ವೈ ಮೀ?"

"ನಮ್ಮ ಖಾನದಾನದಾಗ ನಿನ್ನಷ್ಟು ದೊಡ್ಡ ದನಿ ಯಾರಿಗದ ಹೇಳು!"

ಈ ಮಾತನ್ನು ಅವಳು ಎಷ್ಟು ಹಗುರಾಗಿ ಹೇಳಿದಳೋ, ನನಗೆ ಅಷ್ಟು ಹಗುರಾಗಿ ತಗಲಲಿಲ್ಲ. ನನ್ನನ್ನು ಅಪ್ಪ ಹೈದರಾಬಾದಿನ ಕಾನ್ವೆಂಟಿಗೆ ಹಾಕಿದಾಗ ಅಲ್ಲಿ ಪ್ರತಿ ಡಿಸೆಂಬರಿಗೆ ಏಸು ಹುಟ್ಟಿದ ಕಥೆಯ ಒಂದು ಪ್ಲೇ ಆಡಿಸುತ್ತಿದ್ದರು. ನಾನು ಪ್ರತಿ ಸಲ ಕೈ ಎತ್ತುತ್ತಿದ್ದೆ. ಪ್ರತಿ ಸಲವೂ ನನಗೆ ಕುರಿಯ ಪಾರ್ಟು. ಒಂದು ವರ್ಷ ಮಾತ್ರ ಪ್ರಮೋಷನ್ ಸಿಕ್ಕಿ ಒಂಟೆಯ ಹಿಂಗಾಲಾಗಿದ್ದೆ. "ಯುವರ್ ವಾಯ್ಸ್ ಈಸ್ ಟೂ ಲೌಡ್, ಮೈ ಡಿಯರ್. ಎ ಲೇಡಿ ಮಸ್ಟ್ ಬಿ ಸಾಫ್ಟ್," ಎಂದು ಸಿಸ್ಟರ್ ನನ್ನ ಗಲ್ಲ ತಟ್ಟುತ್ತಿದ್ದರು. ಮದುವೆಯಾಗಿ ತಾಂಡೂರಿಗೆ ಬಂದ ಮೇಲೆ ಅತ್ತೆ ಇದೇ ಮಾತನ್ನು ಕನ್ನಡದಲ್ಲಿ ಹೇಳಿದರು, ಗಲ್ಲ ತಟ್ಟದೆ. ಹೀಗೆ ಎರಡು ಭಾಷೆಗಳಲ್ಲಿ ಸಣ್ಣ ಮಾಡಿಟ್ಟ ದನಿಯನ್ನು ಈಗ ಯಾರೋ ಬಾಯಿಬಿಟ್ಟು ಕೇಳುತ್ತಿದ್ದಾರೆ. ನಾನು ಯೋಚಿಸಿ ಹೇಳುತ್ತೇನೆ ಎನ್ನುವ ನಾಟಕವನ್ನೂ ಆಡಲಿಲ್ಲ. "ಯಾವಾಗ ಬರ್ಲಿ?" ಎಂದೆ.

ಕಥೆ ಹೀಗಿದೆ. ಮುಂದಿನ ಯಾವುದೋ ಕಾಲದಲ್ಲಿ ನಮ್ಮ ಕಡೆಯವರದೇ ಒಂದು ರಾಕೆಟ್ಟು ಶನಿಗ್ರಹದ ಚಂದ್ರನೊಂದರ ಮೇಲೆ ಇಳಿಯುತ್ತದೆ. ಅಲ್ಲಿ ಮಂಜಿನ ಕೆಳಗೆ ಒಂದು ಪಿರಮಿಡ್. ಒಳಗೆ ಈಜಿಪ್ಟಿನ ದೇವರುಗಳೆಲ್ಲ ಯಂತ್ರಗಳಾಗಿ ನಿಂತಿವೆ, ನಡುವೆ ಸಾವಿರಾರು ವರ್ಷಗಳಿಂದ ಮಲಗಿರುವ ಒಬ್ಬ ರಾಣಿ. ರಾಕೆಟ್ಟಿನವರ ಕಾಲಸಪ್ಪಳಕ್ಕೆ ರಾಣಿ ಏಳುತ್ತಾಳೆ. ಅದೇ ಕ್ಷಣ ಬಾಗಿಲು ಮುಚ್ಚಿಕೊಳ್ಳುತ್ತದೆ. ಯಾರಾದರೂ ಒಬ್ಬರ ಎದೆಯನ್ನು, ಅಂದರೆ ಒಳಗಿನ ಹೃದಯವನ್ನು, ತೂಗಿ ತೀರ್ಪಾಗುವ ತನಕ ಬಾಗಿಲು ತೆರೆಯುವುದಿಲ್ಲ. ತಕ್ಕಡಿಯ ಒಂದು ಪರಡಿಯಲ್ಲಿ ಸತ್ಯದ ಗರಿ, ಇನ್ನೊಂದರಲ್ಲಿ ಸತ್ತವರ ಎದೆ. ಎದೆ ಗರಿಯಷ್ಟೇ ಹಗುರಿದ್ದರೆ ಸ್ವರ್ಗ. ಭಾರವಿದ್ದರೆ ಮೊಸಳೆಯ ಮುಖ, ಸಿಂಹದ ಕೊರಳು, ಹಿಪ್ಪೋದ ಹಿಂಭಾಗ ಇರುವ ಮೃಗವೊಂದು ಅದನ್ನು ತಿಂದುಬಿಡುತ್ತದೆ. ರಾಣಿ ತಾನೇ ಮುಂದೆ ಬರುತ್ತಾಳೆ. ಅಷ್ಟು ವರ್ಷಗಳ ನೆನಪು ಆಕೆಯ ಎದೆಯಲ್ಲಿದೆ, ಭಾರವಿರಲೇಬೇಕು. ಮೃಗ ಅದನ್ನು ತಿನ್ನುವಾಗ ರಾಣಿ ಪಿರಮಿಡ್ಡೇ ನಡುಗುವಂತೆ ಚೀರುತ್ತಾಳೆ, ಆ ಗದ್ದಲದಲ್ಲಿ ರಾಕೆಟ್ಟು ಪಾರಾಗಿ ಹಾರುತ್ತದೆ. ಅಷ್ಟೇ. ಇಡೀ ಕಥೆ ನಿಂತಿರುವುದು ನನ್ನ ಚೀರಿನ ಮೇಲೆ.

ರೆಕಾರ್ಡಿಂಗಿಗೆ ಅವಳು ಆರಿಸಿದ ಜಾಗ ನಾರಾಯಣಖೇಡದಲ್ಲಿರುವ ನಮ್ಮ ಅಣ್ಣನ ಗೋದಾಮು. ಅಣ್ಣ ತೊಗರಿಯ ಅಡತಿ ವ್ಯಾಪಾರಿ, ರೈತರ ಮಾಲು ತೂಗಿ ಮಾರಿಸಿಕೊಡುವವನು. ಈಗ ಅಂಗಡಿಯಲ್ಲಿ ಮಗ ಕೂಡುತ್ತಾನೆ, ಆದರೆ ದಿನಾ ಗೋದಾಮಿಗೆ ಬಂದು ಚೀಲಗಳಿಗೆ ಕೈ ಹಾಕಿ ನೋಡದಿದ್ದರೆ ಅಣ್ಣನಿಗೆ ಉಂಡದ್ದು ಕರಗುವುದಿಲ್ಲ. ಸುಗ್ಗಿ ಮುಗಿದ ದಿನಗಳು, ಗೋದಾಮು ಮಾಳಿಗೆಯ ತನಕ ತುಂಬಿತ್ತು. "ಆಯಿ, ತೊಗರಿ ಚೀಲ ಅಂದ್ರ ಏನಂದ್ಕೊಂಡಿ? ದನಿ ಪೂರಾ ಕುಡಿತಾವ. ಪ್ರತಿಧ್ವನಿನೇ ಇಲ್ಲ. ಹೈದರಾಬಾದಿನ ಸ್ಟುಡಿಯೋದಾಗೂ ಇಷ್ಟು ಚಲೋ ಇರಲ್ಲ," ಎಂದಳು ಮೊಮ್ಮಗಳು.

ತಾಂಡೂರಿನಿಂದ ಜಹೀರಾಬಾದಿಗೆ ಒಂದು ಬಸ್ಸು, ಅಲ್ಲಿಂದ ಅವಳನ್ನು ಕೂಡಿಕೊಂಡು ಖೇಡಕ್ಕೆ ಇನ್ನೊಂದು. ಎರಡನೇ ಬಸ್ಸಿನಲ್ಲಿ ನಾನು ಕಣ್ಣು ಮುಚ್ಚಿ, "ನಾನು ಸೂರ್ಯನ ಮಗಳು, ನೈಲ್ ನದಿಯ ಒಡತಿ," ಎಂದು ಡೈಲಾಗ್ ಹೇಳಿಕೊಳ್ಳುತ್ತಿದ್ದೆ. ಕಣ್ಣು ತೆರೆದಾಗ ಕಂಡಕ್ಟರ್ ಹುಡುಗಿ ಎದುರಿಗೆ ನಿಂತಿದ್ದಳು.

"ಯಾರ ಮಗಳಾದ್ರೂ ಆಗ್ರಿ ಅಮ್ಮಾ, ಆಧಾರ್ ತೋರಸ್ರಿ. ಇಲ್ಲಾಂದ್ರ ಝೀರೋ ಟಿಕೆಟ್ ಬರಲ್ಲ."

ಗೋದಾಮಿನಲ್ಲಿ ಅಣ್ಣನ ಸೊಸೆ, ಅಂದರೆ ನಮ್ಮ ಡೈರೆಕ್ಟರ್ ಮೇಡಮ್ಮಿನ ತಾಯಿ, ಬುಟ್ಟಿ ತುಂಬ ಕಡಕ್ ರೊಟ್ಟಿ ಹಿಡಿದುಕೊಂಡು ಕುಳಿತಿದ್ದಳು. ಊಟಕ್ಕಲ್ಲ. ಮೃಗದ ಪಾರ್ಟು ಅವಳದು. ಒಣಗಿದ ಜೋಳದ ರೊಟ್ಟಿಯನ್ನು ಮೈಕಿನ ಹತ್ತಿರ ಕಟುಂ ಎಂದು ಕಡಿದರೆ ಮೊಸಳೆ ಎಲುಬು ಮುರಿದಂತೆಯೇ ಕೇಳುತ್ತದಂತೆ. ಬಾಕಿ ಸಪ್ಪಳಗಳೂ ತಯಾರಿದ್ದವು: ಮರುಭೂಮಿಯ ಗಾಳಿಗೆ ಮೊರದಲ್ಲಿ ತೊಗರಿಯ ಹೊಟ್ಟು, ಪಿರಮಿಡ್ಡಿನ ಬಾಗಿಲಿಗೆ ಗೋದಾಮಿನ ಶಟರ್, ರಾಕೆಟ್ಟಿಗೆ ಮನೆಯಿಂದ ತಂದ ಮಿಕ್ಸರ್. ಮೃಗ ಮಾತ್ರ ಸ್ವಲ್ಪ ತಕರಾರು ತೆಗೆಯಿತು.

"ಅಲ್ಲ ಅತ್ತಿ, ನೀವರೆ ಹೇಳ್ರಿ. ನಾವು ಲಿಂಗ ಕಟ್ಟಿದ ಮಂದಿ. ನಾ ಎದಿ ತಿಂದೀನಂದ್ರ ಸ್ವಾಮಿಗಳು ಕೇಳಿದ್ರ ಏನಂತಾರ?"

"ಅಮ್ಮಾ, ಅದು ಮೃಗ ಅಲ್ಲ, ಮಶೀನ್," ಎಂದಳು ಮೊಮ್ಮಗಳು.

"ಮಶೀನ್ ಆದ್ರ ನಡೀತದ. ಗಿರಣಿ ಇದ್ದಂಗ." ಸೊಸೆ ಸಮಾಧಾನವಾಗಿ ಕುಳಿತಳು.

ಅಣ್ಣನಿಗೆ ಸಿಕ್ಕದ್ದು ಎದೆ ತೂಗುವ ದೇವರು, ಅನುಬಿಸ್‌ನ ಪಾರ್ಟು. ಗೋದಾಮಿನ ತೊಲೆಗೆ ಅಪ್ಪನ ಕಾಲದ ತಕ್ಕಡಿ ಇನ್ನೂ ನೇತಾಡುತ್ತಿದೆ. ಎಲೆಕ್ಟ್ರಾನಿಕ್ ಕಾಂಟಾ ಬಂದ ಮೇಲೂ ಅಣ್ಣ ಅದನ್ನು ಇಳಿಸಗೊಟ್ಟಿಲ್ಲ. ಅದರ ಸರಪಳಿಯ ಸಪ್ಪಳ, ತೂಗಿ ತೂಗಿ ಪಳಗಿದ ಅಣ್ಣನ ದನಿ, ಎರಡೂ ಮೊಮ್ಮಗಳಿಗೆ ಬೇಕಾಗಿದ್ದವು.

"ದೇವರ ಮಾರಿ ಎಂಥಾದ್ದು ಅಂದಿ?" ಅಣ್ಣ ಕೇಳಿದ.

"ನರಿದು, ಮುತ್ಯಾ."

ಅಣ್ಣ ನನ್ನ ಕಡೆ ತಿರುಗಿದ. "ನೋಡ್ದೇನು ತಂಗಿ? ಅಡತಿ ಅಂಗಡ್ಯಾಂವಗ ನರಿ ಪಾರ್ಟ್ ಕೊಟ್ಟಾಳ. ಊರ ಮಂದಿ ಮೊದಲೇ ಅಂತಿದ್ರು. ಈಗ ರೆಕಾರ್ಡೂ ಆಗ್ತದ."

ಅವನಿಗೆ ಇನ್ನೊಂದು ಅನುಮಾನವಿತ್ತು. ರಾಣಿಯನ್ನು ಪಿರಮಿಡ್ಡಿನಲ್ಲಿ ಮಲಗಿಸಿದ್ದಾರೆಂದು ಕೇಳಿ ಅವನಿಗೆ ಬಹಳ ಬೇಸರವಾಗಿತ್ತು. ನಮ್ಮಲ್ಲಿ ತೀರಿಕೊಂಡವರನ್ನು ಪದ್ಮಾಸನದಲ್ಲಿ ಕೂರಿಸಿ, ಕೈಯಲ್ಲಿ ಲಿಂಗವಿಟ್ಟು, ವಿಭೂತಿಯಿಂದ ಮುಚ್ಚಿ ಮಣ್ಣು ಕೊಡುತ್ತೇವೆ. "ಅಷ್ಟು ದೊಡ್ಡ ಗುಡ್ಡದಂಥ ಗೋರಿ ಕಟ್ಟಿಸ್ಯಾರ, ಕೂಡಸಾಕ ಜಾಗ ಸಾಲಲಿಲ್ಲಂತೇನು? ಸಾವಿರ ವರ್ಷ ಮಲಗಿದ್ರ ಸೊಂಟದ ಗತಿ ಏನು?" ಎಂದ. ಸೊಂಟದ ವಿಷಯದಲ್ಲಿ ನನಗೂ ಅವನ ಮಾತು ಸರಿ ಎನ್ನಿಸಿತು. ಮೊಮ್ಮಗಳು ಸ್ಕ್ರಿಪ್ಟಿನಲ್ಲಿ 'ಮಲಗಿದ್ದ ರಾಣಿ' ಎಂಬುದನ್ನು ಹೊಡೆದು 'ಕುಳಿತಿದ್ದ ರಾಣಿ' ಎಂದು ತಿದ್ದಿದಳು. ಜಗತ್ತಿನಲ್ಲಿ ಪದ್ಮಾಸನ ಹಾಕಿದ ಮಮ್ಮಿ ನಾನೊಬ್ಬಳೇ ಇರಬೇಕು.

ಹಮಾಲರನ್ನು ಚಹಾ ಕುಡಿಯಲು ಹೊರಗೆ ಕಳಿಸಿ ಶಟರ್ ಇಳಿಸಿದೆವು. ಎದೆಯ ಬದಲು ಒಂದು ಬೆಲ್ಲದ ಹೆಂಟೆ, ಸತ್ಯದ ಗರಿಗೆ ಹೊಲದಲ್ಲಿ ಸಿಕ್ಕ ನವಿಲುಗರಿ. ಕೇಳುವವರಿಗೆ ಎರಡೂ ಕಾಣುವುದಿಲ್ಲ, ಬರೀ ಸರಪಳಿಯ ಸಪ್ಪಳ ಸಾಕು. ಆದರೆ ಪರಡಿಯಲ್ಲಿ ಏನೂ ಇಡದೆ ತೂಗುವುದು ಅಣ್ಣನಿಗೆ ಬರುವುದಿಲ್ಲ. ಅವನ ಡೈಲಾಗು ಒಂದೇ ಸಾಲು: 'ರಾಣಿ, ನಿನ್ನ ಎದೆ ಭಾರವಾಗಿದೆ. ನಿನಗೆ ಮುಂದೆ ದಾರಿಯಿಲ್ಲ.' ಆಮೇಲೆ ನನ್ನ ಚೀರು.

ನಾನು ಉಸಿರೆಳೆದು ಹೊಟ್ಟೆಯಲ್ಲಿ ಹಿಡಿದುಕೊಂಡೆ. ಸರಪಳಿ ಘಲ್ ಎಂದಿತು. ಬೆಲ್ಲದ ಪರಡಿ ದಡಕ್ಕನೆ ಕೆಳಗಿಳಿಯಿತು. ಅಣ್ಣ ಅದನ್ನು ನೋಡಿದ. ನೋಡಿದವನ ಮುಖ ಅರಳಿತು.

"ಭಾರ ಅದವ್ವಾ! ಬೇಶ್ ಮಾಲು! ನಡಿ ಮುಂದಕ," ಎಂದವನೇ ಪಕ್ಕದ ಚೀಲದಿಂದ ಒಂದು ಹಿಡಿ ತೊಗರಿ ತೆಗೆದು ಬೆಲ್ಲದ ಮೇಲೆ ಕೊಸರು ಹಾಕಿದ.

ನನ್ನ ಉಸಿರು ಪುಸ್ಸೆಂದು ಹೋಯಿತು.

"ಮುತ್ಯಾ! ಭಾರ ಇದ್ರ ಫೇಲ್!"

"ಭಾರ ಇದ್ರ ಫೇಲಾ? ಯಾವ ಮಾರ್ಕೆಟಿನಾಗ?"

"ಈಜಿಪ್ಟಿನಾಗ."

"ಹಂಗಾರ ಅವರಿಗೆ ಮಾಲು ತಿಳೀವಲ್ದು ಬಿಡು. ಹಗುರ ಇದ್ದದ್ದು ಜೊಳ್ಳು. ತೂರಿದ್ರ ಹಾರಿ ಹೋಗ್ತದ. ಆ ಗರಿ ತೂಕದ ಎದಿ ತಗೊಂಡು ಏನು ಮಾಡ್ತಾರ, ತೆಲಿದಿಂಬು ಮಾಡ್ತಾರಾ?"

ಇದು ಹಟವಲ್ಲ. ಅಣ್ಣನ ಅಂಗೈ ಬದುಕಿಡೀ ಕಲಿತದ್ದೇ ಅದು. ಹಿಡಿ ತೊಗರಿಯನ್ನು ಕೈಯಲ್ಲಿ ಆಡಿಸಿ ನೋಡಿದಾಗ ಭಾರವಿದ್ದರೆ ಕಾಳು ತುಂಬಿದೆ, ಹಗುರಿದ್ದರೆ ಒಳಗೆ ಹುಳ ತಿಂದಿದೆ. ಹಗುರಾದದ್ದನ್ನು ಅವನು ವಾಪಸ್ ಕಳಿಸುತ್ತಿದ್ದ, ಭಾರವಾದದ್ದಕ್ಕೆ ಬೆನ್ನು ತಟ್ಟುತ್ತಿದ್ದ. ಈಗ ಇದ್ದಕ್ಕಿದ್ದಂತೆ ಭಾರವಾದದ್ದನ್ನು ಮೊಸಳೆಗೆ ಹಾಕು ಎಂದರೆ?

ಮೊಮ್ಮಗಳು ತಿಳಿಸಿ ಹೇಳಿದಳು. ಪಾಪ, ಎದೆಯ ತೂಕ, ಸತ್ಯ, ಎಲ್ಲ. ಅಣ್ಣ ತಲೆಯಾಡಿಸಿದ. ಎರಡನೇ ಟೇಕಿನಲ್ಲಿ, "ರಾಣಿ, ನಿನ್ನ ಎದೆ ಭಾರವಾಗಿದೆ," ಎಂದು ಗಂಭೀರವಾಗಿಯೇ ಶುರು ಮಾಡಿದ. ನಾನು ಬಾಯಿ ತೆರೆದೆ. "ನಿನಗೆ ಮುಂದೆ..." ಎಂದು ನಿಂತು, ನನ್ನ ಮುಖ ನೋಡಿ, "...ಜರಾ ನೋಡಿಕೊಂಡು ಹೋಗವ್ವ," ಎಂದ. ಆಮೇಲಿನ ಟೇಕಿನಲ್ಲಿ ಹೊರಗೆ ಬೀದರ್ ಬಸ್ಸು ಹಾರ್ನ್ ಹೊಡೆಯಿತು. ಅದರ ಮುಂದಿನದರಲ್ಲಿ ಅಣ್ಣ ತೀರ್ಪು ಕೊಡುವ ಬದಲು ತಕರಾರು ತೆಗೆದ: ಗರಿಗೆ ತೂಕದ ಇಲಾಖೆಯ ಮುದ್ರೆ ಇಲ್ಲ, ಮುದ್ರೆ ಇಲ್ಲದ ಕಲ್ಲಿನಿಂದ ತೂಗಿದ್ದು ನಡೆಯುವುದಿಲ್ಲ. ಇಷ್ಟರ ನಡುವೆ ಮೃಗ ಪ್ರತಿ ಸಲ ಗಡಿಬಿಡಿಯಲ್ಲಿ ಮೊದಲೇ ರೊಟ್ಟಿ ಕಡಿದುಬಿಡುತ್ತಿತ್ತು. ಕಡಿದದ್ದನ್ನು ಉಗುಳಲು ಮನಸ್ಸಿಲ್ಲದೆ ನುಂಗುತ್ತಿತ್ತು.

"ಮಾವಾರ, ಲಗೂ ತೀರ್ಪು ಕೊಡ್ರಿ," ಎಂದಳು ಸೊಸೆ ನೀರು ಕುಡಿಯುತ್ತಾ. "ರಾಣಿನ್ನ ತಿನ್ನೋದರಾಗೇ ನನ್ನ ಹೊಟ್ಟಿ ತುಂಬ್ಯಾದ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಹೊಟ್ಟೆಯಲ್ಲಿ ಹಿಡಿದಿಟ್ಟ ಚೀರು ಹುಳಿಯಾಗುತ್ತಿತ್ತು.

"ಅಣ್ಣಾ, ಯು ಆರ್ ಸ್ಪಾಯಿಲಿಂಗ್ ಮೈ ಸೀನ್!"

"ಇಂಗ್ಲಿಷಿನಾಗ ಬೈದ್ರ ನಂಗ ತಾಕಲ್ಲ."

"ಹಂಗಾರ ಕನ್ನಡದಾಗ ಕೇಳು. ನಂಗ ಸಾಯಾಕ ಬಿಡು!"

"ಯಾಕ ಅಷ್ಟು ಅವಸರ? ಮೊಸಳಿಗಿಂತ ನೀನೇ ಗಡಿಬಿಡಿ ಮಾಡ್ತಿ. ಮನಿ ಹೆಣ್ಣುಮಗಳು ನೀ. ನನ್ನ ಗೋದಾಮಿಗೆ ಬಂದೀದಿ. ಉಡಿ ತುಂಬಿ ಕಳಸಬೇಕಾದಾಂವ ಮೊಸಳಿ ಬಾಯಿಗೆ ಕಳಸ್ಲೇನು?"

ಆಗ ನಾನು ಅವನಿಗೆ ಕುರಿಯ ವಿಷಯ ಹೇಳಿದೆ. ಒಂಟೆಯ ಹಿಂಗಾಲಿನ ವಿಷಯವನ್ನೂ ಹೇಳಿದೆ. ಇಷ್ಟು ವರ್ಷಗಳಲ್ಲಿ ಯಾಕೋ ಅವನಿಗೆ ಹೇಳುವ ಪ್ರಸಂಗವೇ ಬಂದಿರಲಿಲ್ಲ.

"ಕುರಿ?" ಅಣ್ಣ ಕನ್ನಡಕ ತೆಗೆದ. "ಪ್ರತಿ ವರ್ಷ? ಅಲ್ಲ, ನೀ ಅಲ್ಲಿ ನಾಟಕದಾಗ ರಾಣಿ ಆಗ್ತಿ ಅಂತ ಅಪ್ಪ ಸಂತಿ ಮಂದಿಗೆಲ್ಲ ಹೇಳ್ಕೋತ ತಿರಗತಿದ್ದನಲ್ಲ!"

ಅಪ್ಪ ಹಾಗೆ ಹೇಳುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಅವರು ಒಮ್ಮೆಯೂ ನನ್ನ ಪ್ಲೇ ನೋಡಲು ಹೈದರಾಬಾದಿಗೆ ಬಂದವರಲ್ಲ. ಅದು ಒಳ್ಳೆಯದೇ ಆಯಿತು, ಐ ಸಪೋಸ್.

"ಒಂದ್ಸಲನೂ ಮಾತು ಕೊಟ್ಟಿಲ್ಲೇನು?"

"'ಬ್ಯಾ' ಅನ್ನೋದಿತ್ತು. ಅದನ್ನೂ ಸಾಫ್ಟಾಗಿ ಅನ್ನು ಅಂದ್ರು."

ಅಣ್ಣ ಕನ್ನಡಕ ಮತ್ತೆ ಹಾಕಿಕೊಂಡ. ಬೆಲ್ಲದ ಮೇಲೆ ಬಿದ್ದಿದ್ದ ತೊಗರಿಯನ್ನು ಕಾಳು ಕಾಳಾಗಿ ಆರಿಸಿ ಚೀಲಕ್ಕೆ ಹಾಕಿದ. ಪರಡಿ ಒರೆಸಿದ. "ಆತು. ತೂಗತೀನಿ. ಆದ್ರ ಒಂದೇ ಸಲ," ಎಂದ.

ಮೊಮ್ಮಗಳು ಕೈ ಎತ್ತಿ ಇಳಿಸಿದಳು. ಸರಪಳಿ ಅಲುಗಿತು. ಪರಡಿ ಇಳಿಯಿತು. "ರಾಣಿ," ಎಂದ ಅಣ್ಣ. ಇಷ್ಟು ಹೊತ್ತಿನ ಅಂಗಡಿಯ ದನಿ ಅಲ್ಲಿರಲಿಲ್ಲ. "ನಿನ್ನ ಎದೆ ಭಾರವಾಗಿದೆ. ನಿನಗೆ ಮುಂದೆ ದಾರಿಯಿಲ್ಲ." ಕೊನೆಯ ಮಾತು ಸರಿಯಾಗಿ ಕೇಳಿಸಲೂ ಇಲ್ಲ.

ಸೊಸೆ ರೊಟ್ಟಿ ಕಟುಂ ಎನ್ನಿಸಿದಳು. ನಾನು ಚೀರಿದೆ.

ಕುಕ್ಕರಿನ ಜೊತೆ ಚೀರಿದ್ದೆಲ್ಲ ಚೀರೇ ಅಲ್ಲ ಎಂದು ಆಗ ಗೊತ್ತಾಯಿತು. ಮಾಳಿಗೆಯ ಪಾರಿವಾಳಗಳೆಲ್ಲ ಒಮ್ಮೆಗೇ ಎದ್ದವು. ದನಿ ಕುಡಿಯುವ ಚೀಲಗಳು ಎಷ್ಟು ಕುಡಿದಾವು? ನನ್ನದೇ ಕಿವಿ ಗುಂಯ್ ಎನ್ನುತ್ತಿತ್ತು. ಇನ್ನೂ ಮೇಲಕ್ಕೆ ಏರಿಸುತ್ತಿದ್ದೆ, ಇನ್ನೂ ಉಸಿರಿತ್ತು. ಅಷ್ಟರಲ್ಲಿ ತಕ್ಕಡಿ ತೊಲೆಯಿಂದ ಕಳಚಿ ಧಡಾರನೆ ನೆಲಕ್ಕೆ ಬಡಿಯಿತು.

"ಏ ತಂಗೀ! ತಂಗೀ! ಏನಾತ? ಏ ತಂಗೀ!"

ಅಣ್ಣ ಓಡಿಬಂದು ನನ್ನ ಎರಡೂ ರಟ್ಟೆ ಹಿಡಿದು ಅಲುಗಾಡಿಸುತ್ತಿದ್ದ. ನಾಟಕವೆಂದು ಮರೆತೇಬಿಟ್ಟಿದ್ದ. ನಾವು ಒಡಹುಟ್ಟಿದವರು ಐದು ಮಂದಿ, ಈಗ ಉಳಿದವರು ಇಬ್ಬರೇ. ಹೊರಗಿನಿಂದ ಹಮಾಲರು ಶಟರ್ ಬಡಿಯುತ್ತಾ, "ಸಾವಕಾರ್ರೇ, ಏನಾತ್ರೀ? ಹಾವು ಬಂದಾದೇನ್ರಿ?" ಎಂದು ಒದರುತ್ತಿದ್ದರು. ಸೊಸೆ ಬಾಯಲ್ಲಿ ಅರ್ಧ ರೊಟ್ಟಿ ಹಿಡಿದುಕೊಂಡೇ, "ಏನಿಲ್ಲ, ಏನಿಲ್ಲ, ನಾ ಅತ್ತಿನ್ನ ತಿಂದೀನಿ," ಎಂದು ಅವರಿಗೆ ಧೈರ್ಯ ಹೇಳಿದಳು.

ಗದ್ದಲ ಇಳಿದ ಮೇಲೆ ಮೊಮ್ಮಗಳು ಫೋನಿನಲ್ಲಿ ಅದನ್ನು ಹಚ್ಚಿದಳು. ನನ್ನ ಚೀರು ಏರುತ್ತಾ ಏರುತ್ತಾ ಹೋಗಿ, ನಾನು ಇಷ್ಟು ದಿನ ಕಾದಿದ್ದ ಎತ್ತರ ಇನ್ನೇನು ಸಿಕ್ಕಿತು ಎನ್ನುವಾಗ, ಅದರ ಮೇಲೆಯೇ ತಕ್ಕಡಿ ಬೀಳುತ್ತದೆ, ಅಣ್ಣನ ದನಿ ಬೀಳುತ್ತದೆ. ಅಲ್ಲಿಂದ ಮುಂದೆ ನಾನು ಕೇಳಿಸುವುದೇ ಇಲ್ಲ. ಬರೀ ಮುದುಕನೊಬ್ಬ ಗಾಬರಿಯಲ್ಲಿ ಕರೆಯುವುದು ಕೇಳಿಸುತ್ತದೆ.

"ಆಯಿ, ನಿನ್ನ ಚೀರು ಅರ್ಧಕ್ಕ ಕಟ್ ಆಗ್ಯಾದ. ಇನ್ನೊಂದು ಟೇಕ್ ಮಾಡೋಣ. ಮುತ್ಯಾನ ದನಿ ತೆಗದು ನಿಂದೊಂದೇ ಹಿಡಿತೀನಿ."

ನನ್ನ ಗಂಟಲು ತಯಾರಿತ್ತು. ಸುಳ್ಳು ಹೇಳಲಾರೆ, ಬಹಳ ಆಸೆಯೂ ಇತ್ತು. ಅಣ್ಣ ಚೀಲವೊಂದಕ್ಕೆ ಆತು ಕುಳಿತು, ಬಿದ್ದ ಪರಡಿಯ ಡೊಂಕನ್ನು ಮೊಣಕಾಲಿನ ಮೇಲಿಟ್ಟು ಒತ್ತುತ್ತಿದ್ದ. ನಮ್ಮ ಕಡೆ ನೋಡಲಿಲ್ಲ.

"ಬ್ಯಾಡ," ಎಂದೆ. "ಲೆಟ್ ಇಟ್ ಬಿ."

"ಆದ್ರ ದೇವರು ರಾಣಿಗಿ 'ತಂಗೀ' ಅಂತ ಒದರ್ಯಾನಲ್ಲ, ಕಥ್ಯಾಗ ಹೆಂಗ ಕೂಡ್ತದ?"

"ಅವನ್ನ ಆಕಿ ಅಣ್ಣನ್ನ ಮಾಡು. ಈಜಿಪ್ಟಿನ ದೇವರುಗಳಾಗ ಅಣ್ಣತಂಗ್ಯಾರಿಗೆ ಬರ ಬಂದಿಲ್ಲ."

ಅವಳು ಹಾಗೇ ಮಾಡಿದಳು. ಮಿಕ್ಸರ್ ಹಚ್ಚಿ ರಾಕೆಟ್ಟು ಹಾರಿಸಿದಳು. ಅರ್ಧ ಚೀರು, ಪಾರಿವಾಳ, ತಕ್ಕಡಿ, ಅಣ್ಣ, ಮಿಕ್ಸರ್. ಹಾಗೇ ಹೊರಗೆ ಬಂತು. ಕೇಳಿದವರು ಯಾರೂ ನನ್ನ ಚೀರಿನ ಬಗ್ಗೆ ಒಂದು ಮಾತು ಬರೆಯಲಿಲ್ಲ. ನರಿ ದೇವರ ಪಾರ್ಟ್ ಮಾಡಿದವರು ಯಾರು ಎಂದೇ ಎಲ್ಲರೂ ಕೇಳಿದರಂತೆ. ಇವತ್ತಿಗೂ ನನಗೆ ಸ್ವಲ್ಪ ಹೊಟ್ಟೆಯುರಿ ಇದೆ. ವೈ ಶುಡ್ ಐ ಹೈಡ್ ಇಟ್?

ಆ ಸಂಜೆ ಅಣ್ಣನೇ ನಮ್ಮನ್ನು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಬಂದ. ಹೆಂಗಸರಿಗೆ ಟಿಕೆಟ್ ಇಲ್ಲದಾದ ಮೇಲೆ ಜಹೀರಾಬಾದ್ ಬಸ್ಸಿನಲ್ಲಿ ಸೀಟು ಸಿಗುವುದೆಂದರೆ ಯುದ್ಧವೇ. ಬಸ್ಸು ಇನ್ನೂ ತಿರುಗಿ ನಿಲ್ಲುವಷ್ಟರಲ್ಲಿ ಅಣ್ಣ ಹೆಗಲ ಮೇಲಿನ ವಸ್ತ್ರ ತೆಗೆದು ಕಿಟಕಿಯೊಳಗೆ ಎಸೆದು ಸೀಟು ಹಿಡಿದ. ನಾನು ಒಳಗೆ ಹೋಗಿ ಆ ಸೀಟಿನಲ್ಲಿ ಕುಳಿತು ಕಿಟಕಿಯಿಂದ ವಸ್ತ್ರ ವಾಪಸ್ ಕೊಟ್ಟೆ. ಅವನು ಅದನ್ನು ಹೆಗಲಿಗೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದು ನಿಂತ.

"ಮತ್ತ ಆ ರಾಣಿ ಏನಾದ್ಳು?"

"ಸತ್ತಳು, ಅಣ್ಣಾ. ಮೊಸಳಿ ತಿಂತಲ್ಲ."

"ರಾಕೆಟ್?"

"ಹೋತು."

"ಖಾಲಿ?"

"ಬಂದವರೆಲ್ಲ ಕುಂತು ಹೋದ್ರು. ಜಾಗ ಇತ್ತೇನೋ."

ಡ್ರೈವರ್ ಗಾಡಿ ಚಾಲೂ ಮಾಡಿದ. ಅಣ್ಣ ಕಿಟಕಿಯ ಸರಳು ಹಿಡಿದು, ನನ್ನನ್ನು ದಾಟಿ, ಪಕ್ಕದಲ್ಲಿ ಕುಳಿತ ಮೊಮ್ಮಗಳಿಗೆ ಕೇಳುವಂತೆ ದನಿ ಏರಿಸಿದ.

"ಆಕಿನ್ನ ಹಂಗ ಬಿಟ್ಟು ಬರಬ್ಯಾಡಂತ ಹೇಳವ್ವಾ ಆ ರಾಕೆಟ್ಟಿನವರಿಗಿ. ಮುಂದಿನ ಭಾಗದಾಗ ರಾಕೆಟ್ ವಾಪಸ್ ತಿರಗಸು. ಅಲ್ಲೀತನ ಅದರಾಗ ಒಂದು ಸೀಟಿನ ಮ್ಯಾಲ ಯಾರದರೆ ವಸ್ತ್ರ ಹಾಕಿ ಇಡ್ರಿ."